ಎತ್ತರದ ಸ್ವರ ಇಳಿದ ಮೇಲೆ

ಎಂಬತ್ತರ ದಶಕದ ಪಾಪ್ ತಂಡವೊಂದರ ಹಳೆಯ ಅಭಿಮಾನಿಗಳನ್ನು ಮಾತಿಗೆಳೆದು ನೋಡಿ, ಅವರು ಹಾಡಿನಿಂದ ಶುರು ಮಾಡುವುದೇ ಇಲ್ಲ. ಮಲಗುವ ಕೋಣೆಯ ಗೋಡೆಗೆ ಅಂಟಿಸಿದ್ದ ಪೋಸ್ಟರು, ಗಾಯಕನನ್ನು ನೋಡಿ ಮಣಿಕಟ್ಟಿಗೆ ಸುತ್ತಿಕೊಂಡ ತೊಗಲಿನ ಪಟ್ಟಿ, ಬೇಕೆಂದೇ ಮಂಡಿಯ ಹತ್ತಿರ ಹರಿದುಕೊಂಡ ಜೀನ್ಸು, ರೇಡಿಯೊದಿಂದ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವಾಗ ಕೊನೆಯ ಸಾಲಿನ ಮೇಲೆ ಬಾಯಿ ಹಾಕಿ ಎಲ್ಲ ಕೆಡಿಸಿದ ನಿರೂಪಕ, ಇವೆಲ್ಲ ಬಂದು ಹೋದ ಮೇಲೆ ಹಾಡಿನ ಸರದಿ. ನಾರ್ವೆಯ ‘ಆ-ಹಾ’ ತಂಡದ ಅಭಿಮಾನಿಗಳಲ್ಲಿ ಇದು ಇನ್ನೂ ಒಂದು ಕೈ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಆ ತಂಡವನ್ನು ಜಗತ್ತು ಮೊದಲು ನೋಡಿತು, ಆಮೇಲೆ ಕೇಳಿತು.

ಕೇಳುವ ಅವಕಾಶ ಮೊದಲೇ ಇತ್ತು, ಕೇಳಲಿಲ್ಲ ಅಷ್ಟೆ. ಓಸ್ಲೊದ ಮಾಂಗ್ಲೆರುಡ್ ಬಡಾವಣೆಯ ಇಬ್ಬರು ಹುಡುಗರು, ಪಾಲ್ ವಾಕ್ತಾರ್ ಮತ್ತು ಮಾಗ್ನೆ ಫುರುಹೋಲ್ಮೆನ್, ಎಪ್ಪತ್ತರ ದಶಕದ ಕೊನೆಗೆ ‘ಬ್ರಿಜಸ್’ ಎಂಬ ತಂಡ ಕಟ್ಟಿದ್ದರು. 1980ರಲ್ಲಿ ಒಂದು ಎಲ್ಪಿ ರೆಕಾರ್ಡನ್ನೂ ತಾವೇ ಹೊರತಂದರು. ಕೀಬೋರ್ಡಿನ ಮೇಲೆ ಪುಟಿಯುತ್ತ ಓಡುವ ಒಂದು ಸ್ವರಪುಂಜ ಮಾಗ್ನೆಯ ಕೈಗೆ ಹದಿಹರೆಯದಲ್ಲೇ ಹತ್ತಿತ್ತು. 1982ರಲ್ಲಿ ಗಾಯಕ ಮೋರ್ಟೆನ್ ಹಾರ್ಕೆಟ್ ಸೇರಿಕೊಂಡರು. ಮರುವರ್ಷ ಮೂವರೂ ಲಂಡನ್ನಿಗೆ ಹೋಗಿ, ಅರೆಹೊಟ್ಟೆಯಲ್ಲಿ ಬಾಡಿಗೆ ಕೋಣೆಗಳನ್ನು ಬದಲಾಯಿಸುತ್ತ, ಆ ಸ್ವರಪುಂಜದ ಸುತ್ತ ಒಂದು ಹಾಡು ಹೆಣೆದರು. ‘ಟೇಕ್ ಆನ್ ಮಿ’ 1984ರಲ್ಲಿ ಮೊದಲ ಸಲ ಬಂದಾಗ ಬ್ರಿಟನ್ ತಿರುಗಿಯೂ ನೋಡಲಿಲ್ಲ. ನಿರ್ಮಾಪಕ ಅಲನ್ ಟಾರ್ನಿ ಅದೇ ಹಾಡನ್ನು ಮತ್ತೆ ಕೂಡಿಸಿ ಕಟ್ಟಿದರು. ಅದರ ಬೆನ್ನಿಗೇ ಮೈಕಲ್ ಜಾಕ್ಸನ್ನರ ‘ಬಿಲ್ಲಿ ಜೀನ್’ ವಿಡಿಯೊ ಮಾಡಿದ್ದ ಸ್ಟೀವ್ ಬ್ಯಾರನ್ ಬಂದರು. ನಟರನ್ನಿಟ್ಟು ಚಿತ್ರೀಕರಿಸಿದ ದೃಶ್ಯಗಳ ಮೇಲೆ ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್ ಸುಮಾರು 3,000 ಪೆನ್ಸಿಲ್ ಚಿತ್ರಗಳನ್ನು ಒಂದೊಂದಾಗಿ ಬರೆದರು. ನಾಲ್ಕು ತಿಂಗಳ ಕೆಲಸ ಅದು. 1985ರ ಅಕ್ಟೋಬರಿನಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಎಂಟಿವಿಯ ಆರು ಪ್ರಶಸ್ತಿಗಳು ಆ ಒಂದೇ ವಿಡಿಯೊಗೆ ಹೋದವು. ಬ್ರಿಟನ್ನಿನಲ್ಲಿ ಮಾತ್ರ ಎರಡನೆಯ ಸ್ಥಾನದಲ್ಲೇ ನಿಂತಿತು. ತಮಾಷೆಯೆಂದರೆ 2000ದಲ್ಲಿ ‘ಎ1’ ಎಂಬ ಹುಡುಗರ ತಂಡ ಇದನ್ನೇ ಮರುಹಾಡಿ ಅಲ್ಲಿ ಮೊದಲ ಸ್ಥಾನ ಗಿಟ್ಟಿಸಿತು. ಈ ಮಾತು ಬಂದರೆ ಹಳೆಯ ಅಭಿಮಾನಿಗಳು ಈಗಲೂ ಕೆರಳುತ್ತಾರೆ.

ಆ ವಿಡಿಯೊದ ಕಥೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಕೆಫೆಯೊಂದರಲ್ಲಿ ಕೂತು ಚಿತ್ರಕಥೆಯ ಪುಸ್ತಕ ಓದುತ್ತಿರುವ ಹುಡುಗಿಗೆ ಪುಟದೊಳಗಿನ ನಾಯಕ ಕಣ್ಣು ಹೊಡೆಯುತ್ತಾನೆ, ಕಾಗದದಿಂದ ಕೈ ಚಾಚಿ ಅವಳನ್ನು ಒಳಗೆ ಎಳೆದುಕೊಳ್ಳುತ್ತಾನೆ. ಅಭಿಮಾನಿಯ ಹಗಲುಗನಸು ಇದಕ್ಕಿಂತ ಬೇರೆ ಇರಲಾರದು. ಆದರೆ ಕೊನೆಯ ಭಾಗ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಅಲ್ಲಿ ನಾಯಕ ಗೆರೆಗಳ ಬಂಧನದಿಂದ ಬಿಡಿಸಿಕೊಂಡು ಮನುಷ್ಯನಾಗಲು ಓಣಿಯ ಗೋಡೆಗಳಿಗೆ ಮೈ ಅಪ್ಪಳಿಸಿಕೊಳ್ಳುತ್ತಾನೆ. ಎಳೆದುಕೊಂಡ ಕೈ ಮಾತ್ರ ನೆನಪಿಟ್ಟುಕೊಂಡು ಮೈ ಅಪ್ಪಳಿಸಿಕೊಂಡದ್ದನ್ನು ಮರೆತದ್ದು, ನನ್ನ ದೃಷ್ಟಿಯಲ್ಲಿ, ಈ ತಂಡದ ಬಗೆಗಿನ ನಾಲ್ಕು ದಶಕಗಳ ಹಳಹಳಿಕೆಯ ಮುಖ್ಯ ದೋಷ. ಯಾಕೆಂದರೆ ಆ-ಹಾದ ಮುಂದಿನ ಇಡೀ ಚರಿತ್ರೆ ಆ ಕೊನೆಯ ಭಾಗದ್ದೇ.

ಇನ್ನು ದನಿ. ಆ ಹಾಡಿನ ಪಲ್ಲವಿಯನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹಾರ್ಕೆಟ್ ಮಂದ್ರ ಷಡ್ಜದಲ್ಲಿ ಕಾಲೂರಿ ಹೊರಟು, ಒಂದೊಂದು ತುಣುಕಿಗೂ ಮೇಲೆ ಮೇಲೆ ಜಿಗಿಯುತ್ತ, ತಾರ ಪಂಚಮ ಮುಟ್ಟಿ ನಿಲ್ಲಿಸುತ್ತಾರೆ. ಎರಡೂವರೆ ಸ್ಥಾಯಿಯ ಏರು. ಅಷ್ಟನ್ನೂ ನಿಮಿಷಕ್ಕೆ 169 ಬಡಿತದ ವೇಗದಲ್ಲಿ ಮಾಡಬೇಕು. ತುತ್ತತುದಿಯಲ್ಲಿ ಅದು ಕಳ್ಳದನಿ, ಎದೆಯಿಂದ ಬಂದದ್ದಲ್ಲ. ಕುಶಲತೆ ಇರುವುದು ಎದೆಯ ದನಿ ಮುಗಿದು ಕಳ್ಳದನಿ ಶುರುವಾಗುವ ಕಡೆ ಬೆಸುಗೆಯ ಗುರುತೇ ಕಾಣದಿರುವುದರಲ್ಲಿ. ಅಮೆರಿಕದ ಸೋಲ್ ಗಾಯಕರು ಅಂಥ ಜಾಗದಲ್ಲಿ ದನಿಯನ್ನು ನಡುಗಿಸುತ್ತಾರೆ, ಒಡೆಯುತ್ತಾರೆ, ಬೇಡಿಕೊಳ್ಳುತ್ತಾರೆ. ಹಾರ್ಕೆಟ್ ಹಾಗೇನೂ ಮಾಡುವುದಿಲ್ಲ. ಸ್ವರ ನೇರವಾಗಿ, ತಣ್ಣಗೆ, ಚರ್ಚಿನಲ್ಲಿ ಹಾಡುವ ಹುಡುಗನ ಸ್ವರದ ಹಾಗೆ ಹೋಗಿ ನಿಲ್ಲುತ್ತದೆ. ಹಾಡಿನ ಒಳಗಿರುವುದು ಹಿಂಜರಿಕೆ, ಸ್ವರದ ಎತ್ತರದಲ್ಲಿರುವುದು ಆತ್ಮವಿಶ್ವಾಸ. ಇವೆರಡರ ನಡುವಿನ ಜಗ್ಗಾಟದಿಂದಲೇ ಅದು ಉಳಿದಿದೆ. 2020ರ ಫೆಬ್ರವರಿಯಲ್ಲಿ ಯೂಟ್ಯೂಬಿನಲ್ಲಿ ಅದರ ವೀಕ್ಷಣೆ ನೂರು ಕೋಟಿ ದಾಟಿತು.

ಅಭಿಮಾನಿಗಳು ಆ ಒಂದು ಸ್ವರವನ್ನು ತೂಕದ ಕಲ್ಲು ಮಾಡಿಕೊಂಡರು. ಹಾರ್ಕೆಟ್ ಎಲ್ಲೇ ಹಾಡಲಿ, ಪಲ್ಲವಿ ಬರುವ ಹೊತ್ತಿಗೆ ಸಭೆ ಉಸಿರು ಬಿಗಿಹಿಡಿಯುತ್ತದೆ. ಮುಟ್ಟಿದರೋ? ಮುಟ್ಟಿದರು! ಚಪ್ಪಾಳೆ. ಇದು ಕೇಳುವುದಲ್ಲ, ಪರೀಕ್ಷೆಯ ಮೇಲ್ವಿಚಾರಣೆ.

ಆದರೂ ಅವರ ಹಳಹಳಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. 1986ರಲ್ಲಿ ಎರಡನೆಯ ಆಲ್ಬಂ ‘ಸ್ಕೌಂಡ್ರೆಲ್ ಡೇಸ್’ ಬಂದಾಗ ಪತ್ರಿಕೆಗಳಿಗೆ ಕಂಡದ್ದು ಮೂರು ಚೆಂದದ ಮುಖಗಳು ಮಾತ್ರ. ಹದಿಹರೆಯದ ಹುಡುಗಿಯರಿಗೆಂದು ಅಚ್ಚಾಗುತ್ತಿದ್ದ ವಾರಪತ್ರಿಕೆಗಳ ನಡುಪುಟದಲ್ಲಿ ಕಾಣಿಸಿಕೊಂಡ ತಂಡವನ್ನು ಗಂಭೀರ ರಾಕ್ ವಿಮರ್ಶಕ ಮೆಚ್ಚಿದರೆ ಅವನ ಮಾನವೇ ಹೋಗುತ್ತಿತ್ತು. ಆ ಆಲ್ಬಮ್ಮಿನ ಕತ್ತಲೆಯನ್ನು ಮೊದಲು ಗುರುತಿಸಿದವರು, ಅದಕ್ಕೆ ಪಟ್ಟುಹಿಡಿದು ನಿಂತವರು, ಆ ಹುಡುಗಿಯರೇ. ಶೀರ್ಷಿಕೆ ಗೀತೆಯಲ್ಲಿ ಜ್ವರದಲ್ಲಿ ಕನವರಿಸುವಂಥ ರಾತ್ರಿಯಿದೆ. ‘ಮ್ಯಾನ್‌ಹಟನ್ ಸ್ಕೈಲೈನ್’ನಲ್ಲಿ ಪಿಸುಮಾತಿನಂಥ ಚರಣ ಇದ್ದಕ್ಕಿದ್ದಂತೆ ಗಿಟಾರಿನ ಗದ್ದಲಕ್ಕೆ ಬಿದ್ದುಬಿಡುತ್ತದೆ. ಈ ಹಾಡುಗಳ ವಿಷಾದವೆಲ್ಲ ಹೆಚ್ಚಾಗಿ ಪಾಲ್ ವಾಕ್ತಾರ್ ಅವರದು. ಅದನ್ನು ಹಾಡಿದ ಮುಖ ಪೋಸ್ಟರಿನದು. ಪತ್ರಿಕೆಗಳು ಮುಖ ನೋಡಿ ತೀರ್ಪು ಕೊಟ್ಟವು. ಹುಡುಗಿಯರು ಮುಖಕ್ಕೆ ಮರುಳಾಗಿ ಬಂದು ಪೂರ್ತಿ ರೆಕಾರ್ಡು ಕೇಳಿಕೊಂಡು ಹೋದರು. ವಿಮರ್ಶೆಯ ಕೆಲಸ ಯಾರು ಮಾಡಿದ ಹಾಗಾಯಿತು? ಇವತ್ತು ‘ಸ್ಕೌಂಡ್ರೆಲ್ ಡೇಸ್’ ಬಗ್ಗೆ ಗೌರವದಿಂದ ಬರೆಯುವವರು ಐವತ್ತು ದಾಟಿದ ಆ ಹೆಂಗಸರಿಗೆ ಸಾಲಗಾರರು.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1987ರಲ್ಲಿ ಜೇಮ್ಸ್ ಬಾಂಡ್ ಚಿತ್ರ ‘ದ ಲಿವಿಂಗ್ ಡೇಲೈಟ್ಸ್’ಗೆ ಶೀರ್ಷಿಕೆ ಗೀತೆ. 1988ರಲ್ಲಿ ‘ಸ್ಟೇ ಆನ್ ದೀಸ್ ರೋಡ್ಸ್’. 1991ರ ಜನವರಿಯಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ 1.98 ಲಕ್ಷ ಜನ ಟಿಕೆಟ್ ಕೊಂಡು ಇವರನ್ನು ಕೇಳಿದ್ದು ಗಿನ್ನೆಸ್ ದಾಖಲೆಯಾಯಿತು. ಇಂಗ್ಲಿಷ್ ಪತ್ರಿಕೆಗಳಿಗೆ ಅದೂ ಸುದ್ದಿ ಅನ್ನಿಸಲಿಲ್ಲ. 1993ರ ‘ಮೆಮೋರಿಯಲ್ ಬೀಚ್’ ಆಲ್ಬಂ ಸರಿಯಾಗಿ ಮಾರಾಟವಾಗದೆ ತಂಡ ಯಾವ ಘೋಷಣೆಯೂ ಇಲ್ಲದೆ ಚದುರಿತು.

ಭಾರತಕ್ಕೆ ಎಂಟಿವಿ ಬಂದದ್ದು 1991ರಲ್ಲಿ, ಸ್ಟಾರ್ ಟಿವಿಯ ಉಪಗ್ರಹದ ಜೊತೆ. ಅಷ್ಟು ಹೊತ್ತಿಗೆ ‘ಟೇಕ್ ಆನ್ ಮಿ’ಗೆ ಆರು ವರ್ಷ ವಯಸ್ಸು. ಹಾಗಾಗಿ ಬೆಂಗಳೂರಿನಂಥ ಊರುಗಳಲ್ಲಿ ಕ್ಯಾಸೆಟ್ಟಿನ ಮೂಲಕ ಇವರನ್ನು ಕಂಡುಕೊಂಡವರಿಗೆ ಕ್ರಮ ತಿರುಗುಮುರುಗು: ಮೊದಲು ದನಿ, ಆಮೇಲೆ ಮುಖ. ಅವರ ನೆನಪಿನಲ್ಲಿ ಮುಖದ ಪಾಲು ಕಡಿಮೆ, ಕ್ಯಾಸೆಟ್ಟಿನ ಎರಡನೆಯ ಬದಿಯ ಪಾಲು ಹೆಚ್ಚು. ಇದು ಲಾಭವೆಂದೇ ನನ್ನ ಅನಿಸಿಕೆ.

ಗಾಯಕನ ಮರಳುವಿಕೆ ಒಂದು ಸಲದ್ದಲ್ಲ. ತಂಡ ಚದುರಿದ ವರ್ಷಗಳಲ್ಲಿ ಹಾರ್ಕೆಟ್ ನಾರ್ವೇಜಿಯನ್ ಭಾಷೆಯಲ್ಲಿ ಎರಡು ಆಲ್ಬಂ ಮಾಡಿದರು, ನಡುವೆ 1995ರಲ್ಲಿ ಇಂಗ್ಲಿಷಿನ ‘ವೈಲ್ಡ್ ಸೀಡ್’. ತಾಯ್ನುಡಿಯಲ್ಲಿ ಹಾಡುವಾಗ ಅವರು ಎತ್ತರಕ್ಕೆ ಹಾರುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಮಾತಿಗೆ ಹತ್ತಿರವಾಗಿ ಹಾಡುತ್ತಾರೆ. ಹೊರದೇಶದ ಅಭಿಮಾನಿಗಳಲ್ಲಿ ಹೆಚ್ಚಿನವರು ಇವನ್ನು ಸಂಗ್ರಹಕ್ಕೆಂದು ಕೊಂಡರೇ ಹೊರತು ಕೇಳಲೆಂದಲ್ಲ. ಮೂವರೂ ಮತ್ತೆ ಒಟ್ಟಿಗೆ ಕಾಣಿಸಿಕೊಂಡದ್ದು 1998ರ ಡಿಸೆಂಬರ್ 11ರಂದು, ಓಸ್ಲೊ ಸ್ಪೆಕ್ಟ್ರಮ್ ಸಭಾಂಗಣದ ನೊಬೆಲ್ ಶಾಂತಿ ಪ್ರಶಸ್ತಿ ಕಛೇರಿಯಲ್ಲಿ. ಅಲ್ಲಿ ಹಳೆಯದೊಂದರ ಜೊತೆ ಹೊಸ ಹಾಡು ‘ಸಮ್ಮರ್ ಮೂವ್ಡ್ ಆನ್’ ಕೇಳಿಸಿತು. 2000ದಲ್ಲಿ ಅದು ‘ಮೈನರ್ ಅರ್ತ್ ಮೇಜರ್ ಸ್ಕೈ’ ಆಲ್ಬಮ್ಮಿನೊಂದಿಗೆ ಬಿಡುಗಡೆಯಾಯಿತು.

ಆ ಹಾಡಿನಲ್ಲಿ ಹಾರ್ಕೆಟ್ ಒಂದೇ ಸ್ವರವನ್ನು ಸುಮಾರು 20 ಸೆಕೆಂಡು ಒಂದೇ ಉಸಿರಿನಲ್ಲಿ ಎಳೆದು ನಿಲ್ಲಿಸುತ್ತಾರೆ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಮರಳಿ ಬಂದ ಗಾಯಕನಿಗೆ ಗೆಳೆಯ ಬರೆದುಕೊಟ್ಟ ಹಾಡು ಅದು; ದನಿ ಇನ್ನೂ ಇದೆ ಎಂದು ಲೋಕಕ್ಕೆ ತೋರಿಸಲೆಂದೇ ಕಟ್ಟಿದ ಹಾಗಿದೆ. ಹಾಡು ಚೆನ್ನಾಗಿದೆ. ಮರಳಿದ ಮೇಲೆ ಅವರು ಮಾಡಿದ್ದರಲ್ಲಿ ಅತ್ಯುತ್ತಮವೆಂದರೂ ಜಗಳವಿಲ್ಲ. ಬೇಸಿಗೆ ಕಳೆದುಹೋದ ಹಾಡಿನಲ್ಲಿ ಬಿಡಲು ಮನಸ್ಸಿಲ್ಲದೆ ಎಳೆದ ಸ್ವರಕ್ಕೆ ಅರ್ಥವೂ ಇದೆ. ಆದರೆ ಅದು ಹಳೆಯ ತೂಕದ ಕಲ್ಲಿನ ಪಕ್ಕಕ್ಕೆ ಇನ್ನೊಂದನ್ನು ತಂದಿಟ್ಟಿತು. ಅಲ್ಲಿಯವರೆಗೆ ಎತ್ತರ ಅಳೆಯುತ್ತಿದ್ದ ಅಭಿಮಾನಿಗಳು ಅಂದಿನಿಂದ ಉದ್ದವನ್ನೂ ಅಳೆಯತೊಡಗಿದರು. ಕೈಗಡಿಯಾರ ನೋಡಿಕೊಂಡು ಸಂಗೀತ ಕೇಳುವ ಪದ್ಧತಿಗೆ ಆ-ಹಾದ ಕೊಡುಗೆ ಇದು.

2010ರಲ್ಲಿ ವಿದಾಯ. ವಿದಾಯದ ಪ್ರವಾಸಕ್ಕೂ ಎತ್ತರದ ಸ್ವರದ ಹೆಸರನ್ನೇ ಇಟ್ಟರು. ಡಿಸೆಂಬರ್ 4ರಂದು ಅದೇ ಓಸ್ಲೊ ಸ್ಪೆಕ್ಟ್ರಮ್‌ನಲ್ಲಿ ಕೊನೆಯ ಕಛೇರಿ, ದೇಶದೇಶಗಳಿಂದ ಬಂದವರ ಕಣ್ಣೀರು. ಐದು ವರ್ಷ ಕಳೆಯುವುದರೊಳಗೆ ‘ಕಾಸ್ಟ್ ಇನ್ ಸ್ಟೀಲ್’ ಎಂಬ ಹೊಸ ಆಲ್ಬಂ, ರಿಯೊದಲ್ಲಿ ಮತ್ತೆ ಕಛೇರಿ. ಕಣ್ಣೀರು ಹಾಕಿದವರಿಗೆ ಸಂತೋಷವೂ ಆಯಿತು, ಮೋಸಹೋದಂತೆಯೂ ಆಯಿತು. ‘ಕಾಸ್ಟ್ ಇನ್ ಸ್ಟೀಲ್’ ಸಪ್ಪೆ ಆಲ್ಬಂ. ಮೂವರೂ ತಮ್ಮ ತಮ್ಮ ಮನೆಯಲ್ಲಿ ಕೂತು ಹಳೆಯ ಆ-ಹಾವನ್ನು ನೆನಪಿಸಿಕೊಂಡು ಬರೆದಂತಿದೆ. ಅಂದರೆ ತಂಡವೇ ತನ್ನ ಅಭಿಮಾನಿಯಾಗಿಬಿಟ್ಟಿತ್ತು. ಮರಳಿ ಬರುವ ಎಂಬತ್ತರ ದಶಕದ ತಂಡಗಳಲ್ಲಿ ಬಹುಪಾಲು ಸಾಯುವುದು ಈ ಕಾಯಿಲೆಯಿಂದಲೇ.

ವಿದಾಯಕ್ಕೂ ಈ ಮರಳುವಿಕೆಗೂ ನಡುವೆ ಒಂದು ಸಂಜೆ ಇದೆ. ಅದು ಮರಳುವಿಕೆಯ ಲೆಕ್ಕಕ್ಕೆ ಬರುವುದಿಲ್ಲ. 2011ರ ಜುಲೈ 22ರಂದು ಓಸ್ಲೊ ಮತ್ತು ಉಟೊಯಾ ದ್ವೀಪದಲ್ಲಿ ನಡೆದ ಹತ್ಯಾಕಾಂಡದಲ್ಲಿ 77 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು. ಆಗಸ್ಟ್ 21ರ ರಾಷ್ಟ್ರೀಯ ಸ್ಮರಣ ಸಭೆಯಲ್ಲಿ ಮೂವರೂ ಒಟ್ಟಿಗೆ ನಿಂತು ‘ಸ್ಟೇ ಆನ್ ದೀಸ್ ರೋಡ್ಸ್’ ಹಾಡಿದರು. ಇಪ್ಪತ್ಮೂರು ವರ್ಷ ಹಳೆಯ ಪ್ರೇಮಗೀತೆ, ಚಳಿಗಾಲದ ವಿಷಾದದ ಗೀತೆ. ಆ ಸಭೆಯಲ್ಲಿ ಅದರ ಅರ್ಥ ಬೇರೆಯೇ ಆಯಿತು. ಎತ್ತರದ ಸ್ವರ ಸರಿಯಾಗಿ ಬಂತೇ ಎಂದು ಅವತ್ತು ಯಾರೂ ಅಳೆದಿರಲಾರರು. ಹಳೆಯ ಹಾಡು ಕೇಳುಗನ ಹದಿನಾರನೆಯ ವರ್ಷಕ್ಕೆ ಮಾತ್ರ ಕರೆದೊಯ್ಯುತ್ತದೆ ಎಂದು ವಾದಿಸುವವರು ಈ ಮೂರು-ನಾಲ್ಕು ನಿಮಿಷಗಳನ್ನು ನೋಡಿ ಉತ್ತರ ಹೇಳಬೇಕು.

ಇನ್ನು ಗಿಸ್ಕೆ. ನಾರ್ವೆಯ ಪಶ್ಚಿಮ ತೀರದಲ್ಲಿ ಓಲೆಸುಂಡ್ ಪಟ್ಟಣದ ಹತ್ತಿರ ಇರುವ ಪುಟ್ಟ ದ್ವೀಪ. 2017ರ ಜೂನ್ 22 ಮತ್ತು 23ರಂದು, ಇರುಳೆಂಬುದೇ ಸರಿಯಾಗಿ ಆಗದ ಕಾಲದಲ್ಲಿ, ಕೆಲವೇ ನೂರು ಕೇಳುಗರ ಮುಂದೆ ಎಂಟಿವಿಯ ‘ಅನ್‌ಪ್ಲಗ್ಡ್’ ಮಾಲಿಕೆಗಾಗಿ ಆ-ಹಾ ಹಾಡಿತು. ಸಿಂಥಸೈಜರಿನಿಂದಲೇ ಹೆಸರಾದ ತಂಡದಿಂದ ಸಿಂಥಸೈಜರನ್ನು ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆ ಪುಟಿಯುವ ಸ್ವರಪುಂಜ ಪಿಯಾನೊಗೆ ಇಳಿದು ನಡೆದಾಡುತ್ತದೆ. ಡ್ರಮ್ ಯಂತ್ರದ ಓಟವಿಲ್ಲ. ಐವತ್ತೇಳರ ಹಾರ್ಕೆಟ್ ‘ಟೇಕ್ ಆನ್ ಮಿ’ಯನ್ನು ತಡೆದು ತಡೆದು ಹಾಡುತ್ತಾರೆ. ಇಪ್ಪತ್ತೈದರ ಹುಡುಗ ಹಾಡಿದಾಗ ಹೊಸ ಪ್ರೀತಿಯ ಆತುರವಾಗಿ ಕೇಳಿಸಿದ ಮಾತುಗಳು ಇಲ್ಲಿ ಉಳಿದಿರುವ ಸ್ವಲ್ಪ ಹೊತ್ತಿನ ಬಗ್ಗೆ ಆಡಿದ ಮಾತುಗಳಾಗುತ್ತವೆ. ಎತ್ತರಕ್ಕೆ ಏರುವಾಗಲೂ ಗೆದ್ದ ಸದ್ದಿಲ್ಲ. ವೇಗ ಮುಚ್ಚಿಟ್ಟಿದ್ದ ಹಿಂಜರಿಕೆ ಮೂವತ್ತೆರಡು ವರ್ಷಗಳ ಮೇಲೆ ಹೊರಗೆ ಬಂತು.

ಇದನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಕುಣಿಯುವ ಹಾಡನ್ನು ಪಿಯಾನೊ ಮುಂದೆ ಕೂರಿಸಿ ನಿಧಾನ ಮಾಡಿದರೆ ಅದು ಆಳವಾಯಿತು ಎಂದುಕೊಳ್ಳುವುದು ಈಗಿನ ಒಂದು ಹುಸಿನಂಬಿಕೆ. ಸಿನಿಮಾ ಟ್ರೇಲರುಗಳೂ ವಿಮೆ ಕಂಪನಿಗಳ ಜಾಹೀರಾತುಗಳೂ ಈ ತಂತ್ರವನ್ನು ಸವೆಸಿಬಿಟ್ಟಿವೆ. ಗಿಸ್ಕೆಯ ಮುದ್ರಣದಲ್ಲೂ ಎಲ್ಲ ಹಾಡುಗಳಿಗೂ ಈ ಉಪಚಾರ ಒಗ್ಗಿಲ್ಲ. ಕೆಲವು ಹಾಡುಗಳು ಬಟ್ಟೆ ಕಳಚಿಕೊಂಡ ಮೇಲೆ ಬರೀ ಬಡಕಲಾಗಿ ಕಾಣುತ್ತವೆ. ಅತಿಥಿಗಳ ಜೊತೆಗಿನ ಒಂದೆರಡು ಯುಗಳಗೀತೆಗಳಲ್ಲಿ ಸೌಜನ್ಯವೇ ಹೆಚ್ಚು. ಆಲಿಸನ್ ಮೊಯೆ ಜೊತೆಗಿನದು ಬೇರೆ ಮಾತು. ಅವರೂ ಎಂಬತ್ತರ ದಶಕದವರೇ, ‘ಯಾಜ಼ೂ’ ತಂಡದ ಗಾಯಕಿ. ದಪ್ಪ, ಬೆಚ್ಚಗಿನ ಅವರ ದನಿ ಪಕ್ಕಕ್ಕೆ ಬಂದೊಡನೆ ಹಾರ್ಕೆಟ್ಟರ ತಣ್ಣಗಿನ ದನಿಯ ಸ್ವಭಾವ ಸ್ಪಷ್ಟವಾಗುತ್ತದೆ. ‘ಟೇಕ್ ಆನ್ ಮಿ’ ಈ ಉಪಚಾರಕ್ಕೆ ಒಗ್ಗಲು ಕಾರಣ ಅದರ ಕಟ್ಟಡವೇ. ಒಳಗಿನ ವಿಷಾದ ಮೊದಲಿನಿಂದ ಇತ್ತು, ಹೊರಗಿನಿಂದ ಹಚ್ಚಿದ್ದಲ್ಲ. ‘ಡೆಡ್‌ಪೂಲ್ 2’ ಚಿತ್ರದವರು ಮರುವರ್ಷವೇ ಇದನ್ನು ಎತ್ತಿಕೊಂಡರು. ಅವರ ಕಿವಿ ಚುರುಕು.

ಅಭಿಮಾನಿಗಳು ಇಲ್ಲಿ ಇಬ್ಭಾಗವಾದರು. ಇದೇ ನಿಜವಾದ ಹಾಡು ಎಂದವರು ಒಂದು ಕಡೆ. ನಮ್ಮ ಹಾಡನ್ನು ಯಾಕೆ ಸಾಯಿಸಿದಿರಿ, ಮುದಿ ಮಾಡಿದಿರಿ ಎಂದವರು ಇನ್ನೊಂದು ಕಡೆ. ಎರಡನೆಯವರ ಸಂಕಟ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪಾಪ್ ಸಂಗೀತದಲ್ಲಿ ರೆಕಾರ್ಡೇ ಮೂಲ; ಕಛೇರಿ ಅದರ ನಕಲು. ಇಪ್ಪತ್ತೈದನೆಯ ವಯಸ್ಸಿನ ಗಂಟಲು ಒಮ್ಮೆ ಟೇಪಿಗೆ ಬಿದ್ದರೆ ಉಳಿದ ಆಯುಷ್ಯವೆಲ್ಲ ಆ ಟೇಪಿನ ಜೊತೆ ಹೋಲಿಸಿಕೊಂಡೇ ಬದುಕಬೇಕು. ನಮ್ಮ ಕಡೆಯ ಕಿವಿಗೆ ಈ ಕಟ್ಟಳೆ ವಿಚಿತ್ರವಾಗಿ ಕೇಳಬೇಕು. ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಕೊಟ್ಟ ಎಳೆಯ ವಯಸ್ಸಿನ ಮುದ್ರಿಕೆಗಳಲ್ಲಿ ಸಣ್ಣ, ಚೂಪು ಹೆಣ್ಣುದನಿಯಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ದಪ್ಪವಾಯಿತು. ಹುಬ್ಬಳ್ಳಿಯ ಕೇಳುಗರು ಹಳೆಯ ದನಿ ಕೊಡಿ ಎಂದು ಕೇಳಲಿಲ್ಲ. ಆ ದಪ್ಪ ದನಿಯನ್ನೇ ಗಂಗೂಬಾಯಿ ಎಂದು ಕರೆದರು. ವಯಸ್ಸಾದ ಗಾಯಕ ಶ್ರುತಿ ಇಳಿಸಿಕೊಂಡರೆ ನಮ್ಮಲ್ಲಿ ಯಾರೂ ಟಿಕೆಟ್ಟಿನ ಹಣ ವಾಪಸು ಕೇಳುವುದಿಲ್ಲ. ಎರಡು ಸಂಗೀತಗಳ ವ್ಯವಸ್ಥೆ ಬೇರೆ ಬೇರೆ, ಒಂದರ ನಿಯಮ ಇನ್ನೊಂದಕ್ಕೆ ಹೇರಬಾರದು ಎಂಬುದು ಸರಿಯೇ. ಆದರೆ ಗಿಸ್ಕೆಯಲ್ಲಿ ಹಾರ್ಕೆಟ್ ಕೇಳಿಕೊಂಡದ್ದು ಇಂಥ ಕಿವಿಯನ್ನೇ. ಅವರ ಅಭಿಮಾನಿಗಳಲ್ಲಿ ಅರ್ಧದಷ್ಟು ಜನ ಅದನ್ನು ಕೊಟ್ಟರು ಎಂಬುದೇ ಸಣ್ಣ ವಿಷಯವಲ್ಲ.

ಹಳಹಳಿಕೆಯ ಇನ್ನೊಂದು ಬಲವಾದ ನಂಬಿಕೆ ‘ಮೂವರು ಗೆಳೆಯರು’. ಥಾಮಸ್ ರೋಬ್ಸಾಮ್ 2021ರಲ್ಲಿ ಹೊರತಂದ ಸಾಕ್ಷ್ಯಚಿತ್ರ ‘ಆ-ಹಾ: ದ ಮೂವಿ’ ಅದನ್ನು ಮುಲಾಜಿಲ್ಲದೆ ಮುರಿದುಹಾಕಿತು. ವೇದಿಕೆಯಿಂದಿಳಿದ ಮೂವರು ಮೂರು ಕೋಣೆಗಳಿಗೆ ಹೋಗುತ್ತಾರೆ. ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು ಎಂಬ ತಕರಾರು ನಲವತ್ತು ವರ್ಷವಾದರೂ ಮುಗಿದಿಲ್ಲ. ಗಿಟಾರ್ ನುಡಿಸುತ್ತಿದ್ದ ಮಾಗ್ನೆಗೆ ಹುಡುಗರಾಗಿದ್ದಾಗ ಕೀಬೋರ್ಡ್ ಹಿಡಿಯಬೇಕಾಗಿ ಬಂತು. ಲೋಕವೆಲ್ಲ ಗುನುಗುವ ಆ ಸ್ವರಪುಂಜ ಅವರ ಬೆರಳಿನದಾದರೂ ಬಿಟ್ಟುಕೊಟ್ಟ ಗಿಟಾರಿನ ಕೊರಗು ಆರಿಲ್ಲ. ವೇದಿಕೆಯಲ್ಲಿ ಹಾರ್ಕೆಟ್ ಕಿವಿಯ ಮಾನಿಟರ್ ಸರಿಪಡಿಸಿಕೊಳ್ಳುತ್ತ ತಮ್ಮ ಪಾಡಿಗೆ ತಾವು ನಿಂತಿರುತ್ತಾರೆ. ಸಂಭ್ರಮದ ಚಿತ್ರವನ್ನು ನಿರೀಕ್ಷಿಸಿ ಹೋದವರಿಗೆ ಕಹಿಯಾಯಿತು. ಚಿತ್ರವಾಗಿ ಅದು ತುಸು ಉದ್ದ, ಹಾಡುಗಳ ಬಗ್ಗೆ ಹೇಳಬೇಕಾದಷ್ಟು ಹೇಳುವುದಿಲ್ಲ. ಜಗಳಕ್ಕೆ ಕೊಟ್ಟ ಸಮಯದಲ್ಲಿ ಅರ್ಧವನ್ನು ‘ಸ್ಕೌಂಡ್ರೆಲ್ ಡೇಸ್’ಗೆ ಕೊಟ್ಟಿದ್ದರೆ ಚೆನ್ನಾಗಿತ್ತು. ಆದರೂ ಅದು ಒಂದು ಸತ್ಯವನ್ನು ತೋರಿಸಿಕೊಟ್ಟಿತು: ಒಬ್ಬರನ್ನೊಬ್ಬರು ಸಹಿಸಲಾಗದವರೂ ಒಟ್ಟಿಗೆ ಒಳ್ಳೆಯ ಹಾಡು ಮಾಡಬಲ್ಲರು. ಅಭಿಮಾನಿಗಳಿಗೆ ಬೇಕಾದ ಸ್ನೇಹ ಅವರ ಹಾಡಿನಲ್ಲಿದೆ, ಕೋಣೆಯಲ್ಲಿಲ್ಲ.

2022ರ ‘ಟ್ರೂ ನಾರ್ತ್’ ಆಲ್ಬಮ್ಮನ್ನು ಆರ್ಕ್‌ಟಿಕ್ ವೃತ್ತದ ಮೇಲಿರುವ ಬೂಡೊ ಪಟ್ಟಣದಲ್ಲಿ ಆರ್ಕ್‌ಟಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಮುದ್ರಿಸಿದರು. ಹಾರ್ಕೆಟ್ ಇಲ್ಲಿ ಹೆಚ್ಚಾಗಿ ನಡುಸ್ಥಾಯಿಯಲ್ಲೇ ಇರುತ್ತಾರೆ, ತಂತಿವಾದ್ಯಗಳು ಮೇಲಿನ ಜಾಗವನ್ನು ತುಂಬುತ್ತವೆ. ಹಾಡುಗಳು ನಿಧಾನವಾಗಿ ಮೈಗೂಡುವಂಥವು. ಬಂದಾಗ ನನಗೂ ಅಷ್ಟಾಗಿ ಹಿಡಿಸಿರಲಿಲ್ಲ ಎನ್ನುವವರು ಈಗ ಬಹಳ ಜನ ಸಿಗುತ್ತಾರೆ, ಅದಕ್ಕೆ ಕಾರಣ ಆಮೇಲೆ ಬಂದ ಒಂದು ಸುದ್ದಿ.

2025ರ ಜೂನ್‌ನಲ್ಲಿ ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಹಾರ್ಕೆಟ್ ಬಹಿರಂಗಪಡಿಸಿದರು. ಹಿಂದಿನ ವರ್ಷ ಅಮೆರಿಕದಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿ ಮಿದುಳಿನ ಎರಡೂ ಬದಿಗೆ ವಿದ್ಯುತ್ ಪ್ರಚೋದನೆಯ ತಂತಿಗಳನ್ನು ಇಟ್ಟಿದ್ದರು. ಮೈಯ ಲಕ್ಷಣಗಳು ಸಾಕಷ್ಟು ಹಿಡಿತಕ್ಕೆ ಬಂದಿವೆ, ದನಿಯ ವಿಷಯ ಹಾಗಲ್ಲ, ಮುಂದೆ ಹಾಡಲಾಗುತ್ತದೋ ಇಲ್ಲವೋ ತಮಗೇ ತಿಳಿಯದು ಎಂಬ ಅರ್ಥದ ಮಾತುಗಳನ್ನು ಅವರು ಆಡಿದರು. ಹಾಡಬೇಕೆನಿಸುತ್ತಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅದರಲ್ಲಿ ಗೋಳಾಟವಿರಲಿಲ್ಲ. ಅದೇ ತಣ್ಣಗಿನ, ನೇರ ಸ್ವರ.

ಸುದ್ದಿ ಬಂದ ಮೇಲೆ ಅಭಿಮಾನಿಗಳ ಹಳಹಳಿಕೆಯ ಧಾಟಿ ಬದಲಾಯಿತು. ಇತ್ತೀಚಿನ ಕಛೇರಿಗಳಲ್ಲಿ ಗಾಯಕ ಮೈ ಕದಲಿಸುವುದಿಲ್ಲ, ದನಿಗೆ ಹಿಂದಿನ ಬಲವಿಲ್ಲ ಎಂದು ಗೊಣಗಿದ್ದವರು ಆ ಗೊಣಗಾಟವನ್ನು ಹಿಂತೆಗೆದುಕೊಂಡರು. ಕೆಲವರು ಇನ್ನೂ ಮುಂದೆ ಹೋಗಿ ಆ ಕಛೇರಿಗಳಲ್ಲಿ ವೀರಗಾಥೆ ಕಾಣತೊಡಗಿದರು. ಇದರಲ್ಲಿ ಕರುಣೆಯಿದೆ, ವಿಮರ್ಶೆಯಿಲ್ಲ. ಕಾಯಿಲೆ ತಿಳಿದ ಮಾತ್ರಕ್ಕೆ ‘ಕಾಸ್ಟ್ ಇನ್ ಸ್ಟೀಲ್’ ಒಳ್ಳೆಯ ಆಲ್ಬಂ ಆಗುವುದಿಲ್ಲ. ತಿಳಿಯುವ ಮೊದಲೂ ಗಿಸ್ಕೆಯ ಹಾಡುಗಾರಿಕೆ ಒಳ್ಳೆಯದೇ ಆಗಿತ್ತು. ಹಾರ್ಕೆಟ್ಟರ ದನಿಯನ್ನು ಕಾಯಿಲೆಯ ಮುಂಚೆ, ಕಾಯಿಲೆಯ ನಂತರ ಎಂದು ಸೀಳಿ ಕೇಳುವ ಚಟ ಈಗ ಶುರುವಾಗಿದೆ. ಇಸವಿ ನೋಡಿಕೊಂಡು ಒಂದೊಂದು ನಡುಕಕ್ಕೂ ಕಾರಣ ಹುಡುಕುವುದು ಹಳೆಯ ಪರೀಕ್ಷೆಯದೇ ಇನ್ನೊಂದು ರೂಪ. ಗಾಯಕ ಮತ್ತೊಮ್ಮೆ ಮರಳಿ ಬರಲೇಬೇಕು, ಒಂದೇ ಒಂದು ಕಛೇರಿ ಸಾಕು ಎಂಬ ಬೇಡಿಕೆಯೂ ಅಷ್ಟೇ. ಪ್ರೀತಿಯ ಮಾತಿನಲ್ಲಿ ಹೇಳಿದ ಒತ್ತಾಯ.

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಲಿ ಎಂದರೆ ನಾನು ಆ ವಿಡಿಯೊ ತೋರಿಸುವುದಿಲ್ಲ. ಅದು ಹೇಗೂ ಅವರ ಕಣ್ಣಿಗೆ ಬಿದ್ದಿರುತ್ತದೆ. ‘ಸ್ಕೌಂಡ್ರೆಲ್ ಡೇಸ್’ ಹಾಕಿ ‘ಮ್ಯಾನ್‌ಹಟನ್ ಸ್ಕೈಲೈನ್’ವರೆಗೆ ಒಂದೇ ಪಟ್ಟಿಗೆ ಕೇಳಲಿ. ಅದರ ಮೇಲೆ ಗಿಸ್ಕೆಯ ‘ದ ಸನ್ ಆಲ್ವೇಸ್ ಶೈನ್ಸ್ ಆನ್ ಟಿ.ವಿ.’ ಕೇಳಲಿ. 1986ರ ಜನವರಿಯಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿದ ಹಾಡು ಅದೇ, ‘ಟೇಕ್ ಆನ್ ಮಿ’ ಅಲ್ಲ. ಮೂಲ ರೆಕಾರ್ಡಿನಲ್ಲಿ ಗುಡುಗಿದ್ದ ಗಿಟಾರು ಗಿಸ್ಕೆಯಲ್ಲಿಲ್ಲ. ಕೊನೆಗೆ ಮೊಯೆ ಜೊತೆಗಿನ ಆ ಯುಗಳಗೀತೆ ಕೇಳಲಿ. ಅದು ‘ಸಮ್ಮರ್ ಮೂವ್ಡ್ ಆನ್’ ಎಂದು ಗುರುತಿಸಿದವರಿಗೆ ಒಂದು ಕೋರಿಕೆ: ಉಸಿರನ್ನು ಎಣಿಸುವುದು ಬೇಡ.